ಎಡಗೆರೆಯ ನೆರಳು

ಸೆಪ್ಟೆಂಬರ್ ೯

ಅಪ್ಪಾ,

ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ನೀವು ಉತ್ತರ ಕೊಡುವುದಿಲ್ಲ. ಅದಕ್ಕೇ ಕಾಗದ. ಕಣ್ಣಿನ ಆಪರೇಷನ್ ಆಗಿ ಇನ್ನೂ ವಾರವಾಗಿಲ್ಲ, ಇದನ್ನು ದೊಡ್ಡತ್ತೆಯೇ ಓದಿ ಹೇಳುತ್ತಾರೆ ಎಂದು ಗೊತ್ತು. ಅವರಿಗೂ ತಿಳಿಯುವ ಹಾಗೆ ಬರೆಯುತ್ತೇನೆ. ಗೊತ್ತಿರುವುದನ್ನೇ ಮತ್ತೆ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ಮಂಗಳವಾರದಿಂದ ನನ್ನನ್ನು ರೇಡಾರ್ ಮುಂದೆ ಕೂರಿಸುತ್ತಿಲ್ಲ.

ದೊಡ್ಡತ್ತೆ, ನಮ್ಮ ವಿಮಾನ ನಿಲ್ದಾಣದಲ್ಲಿ ಎರಡು ರನ್‌ವೇ ಇವೆ. ಅವುಗಳ ಗೆರೆಗಳು ಕತ್ತರಿಯ ಹಾಗೆ ನಡುವೆ ಒಂದನ್ನೊಂದು ಹಾಯುತ್ತವೆ, ಯಾವ ತುದಿಯಿಂದ ಇಳಿಸಿದರೂ ಆ ಜಾಗ ಮುಂದೆ ಸಿಗುತ್ತದೆ. ಇಳಿಯಲು ಬರುವ ವಿಮಾನಗಳನ್ನು ಸಾಲು ಹಚ್ಚಿ ಆ ಎರಡು ಗೆರೆಗಳ ಮೇಲೆ ತರುವುದು ನನ್ನ ಕೆಲಸ. ಮೋಡ ಕೆಳಗಿದ್ದು ರನ್‌ವೇ ಕಾಣದಿದ್ದರೆ ಪೈಲಟ್ ಇಳಿಯದೆ ಮತ್ತೆ ಮೇಲಕ್ಕೆ ಎದ್ದುಹೋಗುತ್ತಾನೆ. ಎರಡೂ ಗೆರೆಯವರು ಒಟ್ಟಿಗೆ ಎದ್ದರೆ ಕತ್ತರಿ ಸೇರುವ ಜಾಗದಲ್ಲಿ ಎದುರಾಗುತ್ತಾರೆ. ಹಾಗಾಗದಿರಲಿ ಎಂದು ಪರದೆಯ ಮೇಲೆ ಒಂದು ಉಪಾಯ ಮಾಡಿದ್ದಾರೆ. ಬಲಗೆರೆಯ ವಿಮಾನ ಆ ಜಾಗದಿಂದ ಎಷ್ಟು ದೂರವಿದೆಯೋ ಅಷ್ಟೇ ದೂರದಲ್ಲಿ, ಎಡಗೆರೆಯ ಮೇಲೆ, ಒಂದು ಟೊಳ್ಳು ಗುರುತು ಮೂಡುತ್ತದೆ. ಅದಕ್ಕೆ ನೆರಳು ಅನ್ನುತ್ತೇವೆ. ಅಲ್ಲಿ ವಿಮಾನ ಇರುವುದಿಲ್ಲ. ಇದೆ ಎಂದುಕೊಂಡು, ಎಡಗೆರೆಯ ನಿಜವಾದ ವಿಮಾನವನ್ನು ಅದರ ಹಿಂದೆ ಎರಡು ಮೈಲಿ ಬಿಟ್ಟು ತರಬೇಕು. ನೆರಳು ಎಲ್ಲಿ ಬೀಳಬೇಕು ಎಂದು ಯಂತ್ರಕ್ಕೆ ಲೆಕ್ಕ ಹಾಕಿ ಕೊಡುತ್ತಿದ್ದವರು ನಿಮ್ಮ ತಮ್ಮ, ಅಂದರೆ ಅಪ್ಪನೇ. ಇಲ್ಲಿ ಎಲ್ಲರೂ ಅವರನ್ನು ಈಗಲೂ ಗೆರೆ ಮೇಷ್ಟ್ರು ಅನ್ನುವುದು ಅದಕ್ಕೇ.

ಮಂಗಳವಾರ ಬೆಳಿಗ್ಗೆ ಗಾಳಿ ತಿರುಗಿತು. ಗಾಳಿ ತಿರುಗಿದರೆ ರನ್‌ವೇಯ ಇನ್ನೊಂದು ತುದಿಯಿಂದ ಇಳಿಸುತ್ತೇವೆ. ಆ ತುದಿಗೆ ನೆರಳಿನ ಲೆಕ್ಕ ಬೇರೆ. ಈ ವರ್ಷ ಆ ತುದಿಯನ್ನು ಬಳಸಿದ್ದು ಅದೇ ಮೊದಲು. ಬಲಗೆರೆಯಲ್ಲಿ ನೂರ ಅರವತ್ತು ಜನರಿದ್ದ ದೊಡ್ಡ ವಿಮಾನ, ಎಡಗೆರೆಯಲ್ಲಿ ಮೂವತ್ತನಾಲ್ಕು ಜನರ ಚಿಕ್ಕದು. ಚಿಕ್ಕದನ್ನು ನೆರಳಿನ ಹಿಂದೆ ಎರಡು ಮೈಲಿ ಇಟ್ಟೆ. ಮೋಡ ನಮಗೆ ಹೇಳಿದ್ದಕ್ಕಿಂತ ಕೆಳಗಿತ್ತು. ದೊಡ್ಡದು ಮೇಲೆದ್ದಿತು, ಹಿಂದೆಯೇ ಚಿಕ್ಕದೂ ಎದ್ದಿತು. ಎರಡೂ ಒಂದೇ ಜಾಗಕ್ಕೆ ಹೋಗುತ್ತಿರುವುದು ಪರದೆಯಲ್ಲಿ ಕಂಡಿತು. "ಎಡಕ್ಕೆ ತಿರುಗಿ, ಈಗಲೇ" ಎಂದು ಚಿಕ್ಕದಕ್ಕೆ ಹೇಳಿದೆ. ಆ ಪೈಲಟ್ ಯಾಕೆ ಎಂದು ಕೇಳಲಿಲ್ಲ, ತಿರುಗಿದ. ಎರಡರ ನಡುವೆ ಉಳಿದದ್ದು ಎರಡು ಫುಟ್‌ಬಾಲ್ ಮೈದಾನದಷ್ಟು ಜಾಗವಂತೆ.

ಯಾರಿಗೂ ಏನೂ ಆಗಿಲ್ಲ. ಇಪ್ಪತ್ತು ನಿಮಿಷ ತಡವಾಯಿತೆಂದು ಒಬ್ಬ ಪ್ರಯಾಣಿಕ ದೂರು ಕೊಟ್ಟಿದ್ದಾನೆ.

ನಾನು ಚೆನ್ನಾಗಿದ್ದೇನೆ. ಕಣ್ಣಿಗೆ ಔಷಧಿ ಮರೆಯದೆ ಹಾಕಿಸಿಕೊಳ್ಳಿ.

ಮಗಳು


ಸೆಪ್ಟೆಂಬರ್ ೧೬

ಮಗಳೇ,

ಕಾಗದ ಬಂತು. ಅಕ್ಕ ಎರಡು ಸಲ ಓದಿದಳು. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ಒಂದೇ ಕಣ್ಣಿನಲ್ಲಿ ಬರೆಯುತ್ತಿದ್ದೇನೆ.

ತಿರುಗು ಎಂದು ಹೇಳಿದ ಹೊತ್ತು ಸರಿಯಾಗಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಚಿಕ್ಕ ವಿಮಾನ ನೆರಳಿನ ಹಿಂದೆ ಎರಡು ಮೈಲಿ ಇತ್ತು ಎಂದು ಬರೆದಿದ್ದೀಯ. ಕಣ್ಣಂದಾಜೋ, ಅಳತೆ ಗೆರೆ ಹಾಕಿ ನೋಡಿದ್ದೋ? ದೊಡ್ಡದು ಇಳಿಯುವ ಜಾಗದಿಂದ ಆರು ಮೈಲಿ ದೂರದಲ್ಲಿದ್ದಾಗ ನೆರಳು ಎಷ್ಟರಲ್ಲಿತ್ತು? ನೆನಪಿದ್ದರೆ ಬರೆ. ನೆನಪಿಲ್ಲದಿದ್ದರೆ ಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಪ್ಪ


ಅಕ್ಟೋಬರ್ ೨

ಅಪ್ಪಾ,

ಅಳತೆ ಗೆರೆ ಹಾಕಿಯೇ ನೋಡಿದ್ದೆ. ಎರಡು ಮೈಲಿಗೆ ಒಂದು ಕೂದಲೂ ಕಡಿಮೆ ಇರಲಿಲ್ಲ. ನಿಮ್ಮ ಇನ್ನೊಂದು ಪ್ರಶ್ನೆಗೆ ಉತ್ತರ ನೆನಪಿಲ್ಲ. ಅದನ್ನು ಯಾಕೆ ಕೇಳಿದಿರಿ ಎಂದು ಆಗ ಹೊಳೆಯಲಿಲ್ಲ.

ಮೊನ್ನೆ ವಿಚಾರಣಾ ಸಮಿತಿ ಕರೆದಿತ್ತು. ಮೂವರಿದ್ದರು. ಉದ್ದನೆಯ ಮೇಜು, ಮೂರು ನೀರಿನ ಲೋಟ, ನನ್ನ ಕಡೆ ಲೋಟ ಇರಲಿಲ್ಲ. ನಡುವೆ ಕೂತವರು ಒಳ್ಳೆಯವರೇ, ಮೆತ್ತಗೆ ಮಾತಾಡಿದರು.

"ನೀವು ಎರಡು ಮೈಲಿ ಬಿಟ್ಟಿದ್ದೆ ಅಂತೀರಿ. ದಾಖಲೆ ನೋಡಿದ್ರೆ ಒಂದೇ ಮೈಲಿ ಚಿಲ್ಲರೆ ಕಾಣ್ತಿದೆಯಲ್ಲಮ್ಮ."

"ನೆರಳಿನ ಹಿಂದೆ ಎರಡಿತ್ತು ಸರ್."

"ದಾಖಲೇಲಿ ನೆರಳು ಇಲ್ಲ."

ನಿಜ. ವಿಮಾನ ಹೋದ ದಾರಿ ದಾಖಲೆಯಾಗುತ್ತದೆ, ನೆರಳು ದಾಖಲೆಯಾಗುವುದಿಲ್ಲ. ಇದು ನನಗೆ ಗೊತ್ತೇ ಇರಲಿಲ್ಲ ಅನ್ನಿ, ಅಥವಾ ಗೊತ್ತಿದ್ದೂ ಯೋಚಿಸಿರಲಿಲ್ಲ.

"ಹಾಗಾದ್ರೆ ನೆರಳೇ ತಪ್ಪು ಜಾಗದಲ್ಲಿತ್ತು ಅಂತ ನಿಮ್ಮ ಮಾತಾ?" ಎಂದು ಪಕ್ಕದವರು ಕೇಳಿದರು.

"ಗೊತ್ತಿಲ್ಲ ಸರ್."

ಅವರು ಒಂದು ಹಾಳೆಯನ್ನು ನನ್ನ ಕಡೆ ತಳ್ಳಿದರು. ಎಡ ರನ್‌ವೇ ರಿಪೇರಿಯಲ್ಲಿದ್ದ ಮೂರು ತಿಂಗಳು ವಿಮಾನಗಳು ತುದಿಯಿಂದ ಮುಕ್ಕಾಲು ಮೈಲಿ ಒಳಗೆ ಇಳಿಯುತ್ತಿದ್ದವಲ್ಲ, ಆಗ ನೆರಳಿನ ಲೆಕ್ಕ ಬದಲಾಗಿತ್ತು. ರಿಪೇರಿ ಮುಗಿದ ಮೇಲೆ ಎರಡೂ ತುದಿಗಳ ಲೆಕ್ಕವನ್ನು ಮೊದಲಿನಂತೆ ಮಾಡಿ ಪರೀಕ್ಷಿಸಲಾಗಿದೆ ಎಂದು ಆ ಹಾಳೆಯಲ್ಲಿತ್ತು. ಫೆಬ್ರವರಿ ಹನ್ನೊಂದು, ಮಧ್ಯಾಹ್ನ ಮೂರು ಗಂಟೆ. ಕೆಳಗೆ ನಿಮ್ಮ ಸಹಿ.

ಫೆಬ್ರವರಿ ಹನ್ನೊಂದು ಅಮ್ಮ ಹೋದ ದಿನ. ಅದು ಆ ಮೂವರಿಗೆ ಗೊತ್ತಿಲ್ಲ. ನಾನು ಹೇಳಲಿಲ್ಲ. ಹಾಳೆಯನ್ನು ವಾಪಸ್ಸು ತಳ್ಳಿದೆ.

ನನ್ನನ್ನು ಈಗ ದಾಖಲೆ ಕೋಣೆಗೆ ಹಾಕಿದ್ದಾರೆ. ಹಳೆಯ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತೇನೆ. ದಿನಕ್ಕೆ ನಲವತ್ತು ಪೆಟ್ಟಿಗೆ. ಕೋಪವೂ ಇಲ್ಲ, ಅಳುವೂ ಇಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಇಡೀ ಮೈ ಹಾಗಿದೆ. ನಿನ್ನೆ ಒಲೆಯ ಮೇಲೆ ನೀರಿಟ್ಟು ಅದು ಪೂರ್ತಿ ಬತ್ತುವವರೆಗೆ ನೋಡುತ್ತ ನಿಂತಿದ್ದೆ. ಪಾತ್ರೆ ಸೀದುಹೋಯಿತು. ಬೇರೆ ಪಾತ್ರೆ ಕೊಂಡುಕೊಂಡೆ.

ಮಗಳು


ಅಕ್ಟೋಬರ್ ೨೦

ಚೂಟಿ,

ನಾನು ದೊಡ್ಡತ್ತೆ. ನಿಮ್ಮಪ್ಪನಿಗೆ ಹುಷಾರಿಲ್ಲ ಅಂತ ಬರಿ ಅಂತ ಅವನೇ ಹೇಳಿದ್ದಾನೆ. ಬರೆದಿದ್ದೇನೆ. ಈಗ ನಿಜ ಬರೆಯುತ್ತೇನೆ. ಅವನಿಗೆ ಜಡ್ಡಿಲ್ಲ ಜಾಪತ್ರೆಯಿಲ್ಲ. ಕಣ್ಣಿನ ಪಟ್ಟಿ ಬಿಚ್ಚಿ ಎರಡು ವಾರವಾಯಿತು, ಎದುರುಮನೆಯ ಗೋಡೆ ಗಡಿಯಾರ ಇಲ್ಲಿಂದಲೇ ಓದುತ್ತಾನೆ.

ನಿನ್ನ ಹಿಂದಿನ ಕಾಗದ ಓದಿ ಹೇಳಿದ ದಿನದಿಂದ ಸರಿಯಾಗಿ ತುತ್ತು ಇಳಿಯುತ್ತಿಲ್ಲ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆಯುತ್ತಾನೆ, ಕೂಡುತ್ತಾನೆ, ಕಳೆಯುತ್ತಾನೆ, ಹರಿದು ಹಾಕುತ್ತಾನೆ. "ಏನೋ ಅದು?" ಅಂದರೆ "ಏನಿಲ್ಲಕ್ಕ" ಅಂತಾನೆ. ಹುಟ್ಟಿದಾಗಿನಿಂದ ಇವನದ್ದು ಇದೇ ರಾಗ. ಚಿಕ್ಕವನಿದ್ದಾಗ ಮರದಿಂದ ಬಿದ್ದು ಕೈ ಮುರಿದುಕೊಂಡು ಬಂದವನು, ಊಟಕ್ಕೆ ಕೂತು ಎಡಗೈಯಲ್ಲಿ ತಿನ್ನೋಕೆ ಶುರು ಮಾಡಿದ ಮೇಲೆ ನಮಗೆ ಗೊತ್ತಾಗಿದ್ದು.

ನಾನು ವಿಮಾನ ಕಂಡವಳಲ್ಲ. ಆದರೆ ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಟೈಂ ಕೀಪರ್ ಆಗಿದ್ದವಳು. ಯಾವ ಗಾಡಿ ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು ಅನ್ನೋದು ಬಿಟ್ಟರೆ ನನ್ನ ತಲೆಯಲ್ಲಿ ಬೇರೇನೂ ನಿಲ್ಲುವುದಿಲ್ಲ. ನಿಮ್ಮಮ್ಮ ಹೋದ ದಿನ ಆಸ್ಪತ್ರೆಯಲ್ಲಿ ಅವಳ ಹತ್ತಿರ ಇದ್ದವಳು ನಾನು. ನಿಮ್ಮಪ್ಪ ಓಡಿಕೊಂಡು ಬಂದಿದ್ದು ಎರಡೂ ಮುಕ್ಕಾಲಿಗೆ. ಬಾಗಿಲ ಮೇಲಿನ ಗಡಿಯಾರ ನೋಡಿದ್ದೇನೆ. ಆಮೇಲೆ ಅವಳ ಕೈ ಹಿಡಿದವನು ಕದಲಲಿಲ್ಲ.

ಮೂರಕ್ಕೆ ಅವನು ಆಸ್ಪತ್ರೆಯಲ್ಲಿ ಇದ್ದ. ನೀನು ಬರೆದ ಹಾಳೆಯ ಪ್ರಕಾರ ಮೂರಕ್ಕೆ ಅವನು ಆಫೀಸಿನಲ್ಲಿ ಇದ್ದ. ಒಬ್ಬ ಮನುಷ್ಯ, ಎರಡು ಜಾಗ. ನಮ್ಮ ಬಸ್ ನಿಲ್ದಾಣದಲ್ಲಾದರೆ ಇದಕ್ಕೆ ಮೆಮೊ ಕೊಡುತ್ತಿದ್ದೆವು.

ಇದನ್ನು ಅವನಿಗೆ ತೋರಿಸದೆ ಅಂಚೆಗೆ ಹಾಕುತ್ತಿದ್ದೇನೆ. ತಮ್ಮನ ಮೇಲೆ ಚಾಡಿ ಹೇಳಿದೆ ಅಂದುಕೊಂಡರೆ ಅಂದುಕೋ. ನೀನೂ ನಾನು ಎತ್ತಿ ಆಡಿಸಿದ ಮಗು.

ನಿನ್ನ ದೊಡ್ಡತ್ತೆ


ಅಕ್ಟೋಬರ್ ೨೪
ಕೊರಿಯರ್ ಮೂಲಕ

ಅಪ್ಪಾ,

ಈ ಕಾಗದ ನೀವೇ ಓದಿ.

ಫೆಬ್ರವರಿ ಹನ್ನೊಂದರಂದು ಎರಡೂ ಮುಕ್ಕಾಲಿಗೆ ನೀವು ಆಸ್ಪತ್ರೆಯಲ್ಲಿದ್ದಿರಿ. ಯಾರು ಹೇಳಿದರು ಎಂದು ಕೇಳಬೇಡಿ, ಆ ಮನೆಯಲ್ಲಿ ಇರುವವರು ಇಬ್ಬರೇ. ಹಾಗಾದರೆ ಮೂರು ಗಂಟೆಯ ಪರೀಕ್ಷೆ ನಡೆದಿಲ್ಲ. ಇನ್ನೊಂದು ತುದಿಯ ಲೆಕ್ಕ ರಿಪೇರಿಯ ಕಾಲದ್ದೇ ಉಳಿದಿದೆ. ನೆರಳು ಇರಬೇಕಾದ ಜಾಗಕ್ಕಿಂತ ಮುಕ್ಕಾಲು ಮೈಲಿ ಮುಂದೆ ಬೀಳುತ್ತಿದೆ. ಎರಡು ಮೈಲಿ ಎಂದು ನಾನು ನಂಬಿದ್ದು ನಿಜದಲ್ಲಿ ಒಂದೂಕಾಲು. ಮೇಲೇಳುವಾಗ ಮುಂದಿದ್ದ ದೊಡ್ಡ ವಿಮಾನ ನಿಧಾನವಾಯಿತು, ಉಳಿದ ಆ ಅಂತರವನ್ನೂ ಅದು ತಿಂದುಹಾಕಿತು.

ಇದನ್ನು ಬರೆಯುವಾಗ ಕೋಪ ಬರಬಹುದು ಎಂದು ಕಾದೆ. ಬರಲಿಲ್ಲ. ಅದರ ಮಾತು ಬೇರೆ.

ತಪ್ಪು ಕಂಟ್ರೋಲರ್‌ದು, ಅಂದರೆ ನನ್ನದು, ಎಂದು ಎಲ್ಲರೂ ತೀರ್ಮಾನಿಸಿರುವುದರಿಂದ ನೆರಳನ್ನು ಯಾರೂ ಮುಟ್ಟಿಲ್ಲ. ಅದು ಇವತ್ತೂ ಪರದೆಯ ಮೇಲೆ ಉರಿಯುತ್ತಿದೆ. ನನ್ನ ಕುರ್ಚಿಯಲ್ಲಿ ಈಗ ಕೂರುವವಳಿಗೆ ಇಬ್ಬರು ಚಿಕ್ಕ ಮಕ್ಕಳು, ತುಂಬ ಜಾಣೆ, ಪರದೆ ತೋರಿಸಿದ್ದನ್ನು ನಂಬಿ ಕೆಲಸ ಮಾಡುವವಳು. ನಾನೂ ಹಾಗೇ ಇದ್ದೆ. ಮಧ್ಯಾಹ್ನ ಅವಳನ್ನು ಕ್ಯಾಂಟೀನಿನಲ್ಲಿ ಹಿಡಿದು "ಗಾಳಿ ತಿರುಗಿದ್ರೆ ಎರಡರ ಜಾಗದಲ್ಲಿ ನಾಲ್ಕು ಮೈಲಿ ಬಿಡು, ಯಾಕೆ ಅಂತ ಕೇಳ್ಬೇಡ" ಅಂದೆ. ನನ್ನ ಮುಖ ನೋಡಿ ಹೆದರಿದಳು. ಸರಿ ಅಂದಳು.

ಆಮೇಲೆ ಶಿಫ್ಟ್ ಮುಖ್ಯಸ್ಥರ ಹತ್ತಿರ ಹೋದೆ. "ಆ ಲೆಕ್ಕ ಇನ್ನೊಂದ್ಸಲ ನೋಡ್ಸಿ ಸರ್" ಅಂದೆ.

"ಯಾವ ಆಧಾರದ ಮೇಲೆ? ಗೆರೆ ಮೇಷ್ಟ್ರ ಸಹಿ ಇದೆ. ನಿಮ್ಮಪ್ಪನ ಸಹಿನೇ ನೀವು ನಂಬಲ್ವಾ?"

ದೊಡ್ಡತ್ತೆಯ ಕಾಗದ ನನ್ನ ಕೈಚೀಲದಲ್ಲಿತ್ತು. ತೆಗೆಯಲಿಲ್ಲ.

ಹವಾಮಾನದವರು ಶನಿವಾರ ಗಾಳಿ ತಿರುಗುತ್ತದೆ ಅಂದಿದ್ದಾರೆ. ಶುಕ್ರವಾರ ಸಂಜೆವರೆಗೆ ಕಾಯುತ್ತೇನೆ. ಆಮೇಲೆ ಆ ಕಾಗದ ತೆಗೆದು ಅವರ ಮೇಜಿನ ಮೇಲೆ ಇಡುತ್ತೇನೆ. ನನ್ನ ಹೆಸರು ಉಳಿಯಲಿ ಎಂದಲ್ಲ. ಅದು ಹೋದರೆ ಹೋಗಲಿ, ಪೆಟ್ಟಿಗೆಗೆ ಚೀಟಿ ಅಂಟಿಸುವುದು ಅಷ್ಟೇನೂ ಕಷ್ಟವಿಲ್ಲ.

ಇನ್ನೊಂದು ಮಾತು. ಎಂಟು ತಿಂಗಳಿಂದ ಕೇಳಿಲ್ಲ, ಈಗ ಕೇಳುತ್ತೇನೆ. ಆ ದಿನ ನೀವು ಆಫೀಸಿನಿಂದ ಹೊರಡಬೇಕಾದರೆ ನನ್ನ ಕೋಣೆಯ ಮುಂದೆಯೇ ಹೋಗಬೇಕು. ಬೇರೆ ದಾರಿ ಇಲ್ಲ. ನನಗೆ ವಿಷಯ ಗೊತ್ತಾದದ್ದು ನಾಲ್ಕಕ್ಕೆ, ಶಿಫ್ಟ್ ಮುಗಿದ ಮೇಲೆ, ಗೇಟಿನ ಕಾವಲುಗಾರನಿಂದ. ನಾನು ಬಂದಾಗ ಅಮ್ಮನ ಮುಖ ಮುಚ್ಚಿದ್ದರು.

ಮಗಳು


ಅಕ್ಟೋಬರ್ ೨೬

ಮಗಳೇ,

ನಿನ್ನ ಕಾಗದ ನಿನ್ನೆ ಹನ್ನೊಂದು ಗಂಟೆಗೆ ಬಂತು. ಹನ್ನೊಂದೂ ಹತ್ತಕ್ಕೆ ಅಕ್ಕನ ಕೈಯಲ್ಲಿ ನಿಮ್ಮ ಶಿಫ್ಟ್ ಮುಖ್ಯಸ್ಥರಿಗೆ ಫೋನ್ ಮಾಡಿಸಿದೆ. ನಾನು ಹೇಳುತ್ತ ಹೋದೆ, ಅವಳು ಅದನ್ನೇ ಹೇಳಿದಳು. "ಇನ್ನೊಂದು ತುದಿ ಪರೀಕ್ಷೆ ಮಾಡಿಲ್ಲ. ಸಹಿ ಮಾತ್ರ ಮಾಡಿದೀನಿ. ನೆರಳು ಈಗಲೇ ಆರಿಸಿ." ಅವರು ಅದನ್ನು ಎರಡು ಸಲ ಕೇಳಿ ಬರೆದುಕೊಂಡರಂತೆ. ಆಮೇಲೆ ಆರಿಸಿದೆವು ಎಂದು ಅವರೇ ವಾಪಸ್ಸು ಫೋನ್ ಮಾಡಿದರು. ಸಮಿತಿಗೆ ಬೇರೆ ಕಾಗದ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಶುಕ್ರವಾರದವರೆಗೆ ನೀನು ಕಾಯುವುದು ಬೇಡ.

ನಿನ್ನ ಮೊದಲನೆಯ ಕಾಗದ ಬಂದ ದಿನವೇ ನನಗೆ ಅನುಮಾನ ಬಂದಿತ್ತು. ಎರಡನೆಯದು ಬಂದ ದಿನ ಖಾತ್ರಿಯಾಯಿತು. ಮೂರು ವಾರ ಸುಮ್ಮನಿದ್ದೆ. ಆ ಮೂರು ವಾರಗಳಲ್ಲಿ ಗಾಳಿ ತಿರುಗಿದ್ದರೆ ಎಂದು ದಿನಾ ಬೆಳಿಗ್ಗೆ ಎದ್ದು ಕೊಡೆ ಹಿಡಿದವರು, ಬಟ್ಟೆ ಒಣಹಾಕಿದವರು, ಎಲ್ಲರನ್ನೂ ನೋಡಿ ಗಾಳಿಯ ದಿಕ್ಕು ಹುಡುಕುತ್ತಿದ್ದೆ. ಹುಡುಕುತ್ತಿದ್ದೆ, ಬಾಯಿ ಬಿಡಲಿಲ್ಲ. ಆ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ಸಮಿತಿಗೂ ಹಾಗೆಯೇ ಬರೆದಿದ್ದೇನೆ.

ಆ ದಿನ ಬಳಕೆಯಲ್ಲಿದ್ದ ತುದಿಯ ಲೆಕ್ಕ ಸರಿಮಾಡಿ, ಇಳಿಯುತ್ತಿದ್ದ ವಿಮಾನದ ಜೊತೆ ಹೋಲಿಸಿ ನೋಡಿ ಮುಗಿಸಿದಾಗ ಎರಡೂ ಹತ್ತು. ಆಗ ಆಸ್ಪತ್ರೆಯಿಂದ ಕರೆ ಬಂತು. ಇನ್ನೊಂದು ತುದಿಗೆ ಆಗ ವಿಮಾನಗಳು ಬರುತ್ತಿರಲಿಲ್ಲ, ಕೈಯಲ್ಲೇ ಒಂದೊಂದು ಅಂಕಿ ಬದಲಿಸಿ ಹೋಲಿಸಿ ನೋಡಬೇಕು, ನಲವತ್ತು ನಿಮಿಷದ ಕೆಲಸ. ಮಾಡಿದ್ದರೆ ಮುಗಿಯುತ್ತಿದ್ದ ಹೊತ್ತು ಅಂದಾಜಿಸಿ, ಹಾಳೆಯ ಮೇಲೆ ಮೂರು ಗಂಟೆ ಎಂದು ಬರೆದು ಸಹಿ ಹಾಕಿ ಎದ್ದೆ. ನಾಳೆ ಬಂದು ಮಾಡಿದರಾಯಿತು ಅಂದುಕೊಂಡೆ. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ಹದಿನೈದು ದಿನ ನೆನಪಿತ್ತು. ಗಾಳಿ ತಿರುಗುವುದು ಸೆಪ್ಟೆಂಬರಿಗೆ ತಾನೇ ಅಂದುಕೊಂಡು ಮುಂದೂಡಿದೆ. ಆಮೇಲೆ ನಿಜವಾಗಿಯೂ ಮರೆತೆ. ಏಪ್ರಿಲಿನಲ್ಲಿ ನಿವೃತ್ತಿಯಾದಾಗ ಹಾರ ಹಾಕಿದರು, ಹಾಕಿಸಿಕೊಂಡೆ.

ನಿನ್ನ ಕೋಣೆಯ ಮುಂದೆ ನಿಂತಿದ್ದೆ. ಗಾಜಿನಿಂದ ನೋಡಿದೆ. ನಿನ್ನ ಪರದೆಯ ಮೇಲೆ ಹನ್ನೊಂದು ವಿಮಾನ ಇದ್ದವು, ಎಣಿಸಿದೆ. ನಿನ್ನ ಬೆನ್ನು ಮಾತ್ರ ಕಾಣುತ್ತಿತ್ತು. ಬಾಗಿಲ ಹಿಡಿಯ ಮೇಲೆ ಕೈ ಇಟ್ಟಿದ್ದೆ. ತಟ್ಟಿದರೆ ನೀನು ತಿರುಗಿ ನೋಡುತ್ತೀಯ, ನನ್ನ ಮುಖ ಕಾಣುತ್ತೆ, ಆಮೇಲೆ ಆ ಹನ್ನೊಂದರ ಗತಿ ಏನು ಅನ್ನಿಸಿತು. ಕೈ ತೆಗೆದೆ.

ಆಸ್ಪತ್ರೆಯಲ್ಲಿ ನಿನ್ನಮ್ಮನಿಗೆ ಎಚ್ಚರವಿತ್ತು. "ಅವಳೆಲ್ಲಿ?" ಅಂದಳು. "ಡ್ಯೂಟಿಲಿದಾಳೆ, ಬರ್ತಾಳೆ" ಅಂದೆ. ಬಾಗಿಲ ಕಡೆ ನೋಡುತ್ತಿದ್ದಳು. ಇನ್ನೊಂದು ಸಲ ಕೇಳಿದಳು. ಇನ್ನೊಂದು ಸಲ ಅದನ್ನೇ ಹೇಳಿದೆ. ಮೂರೂವರೆಗೆ ಹೋದಳು. ಬೇಡ, ಕರೆಯಬೇಡಿ ಎಂದು ಅವಳೇ ಹೇಳಿದಳು ಅಂತ ಬರೆದರೆ ನಿನಗೆ ಸಮಾಧಾನವಾಗುತ್ತಿತ್ತೇನೋ. ಅವಳು ಹಾಗೆ ಹೇಳಲಿಲ್ಲ.

ಇಷ್ಟೇ.

ಅಪ್ಪ


ಡಿಸೆಂಬರ್ ೧೪

ಅಪ್ಪಾ,

ಇಷ್ಟು ದಿನ ಬರೆಯಲಿಲ್ಲ. ನಿಮ್ಮ ಕಾಗದವನ್ನು ಓದಿ ಮಡಿಸಿಟ್ಟೆ, ಮತ್ತೆ ತೆಗೆದೆ, ಮತ್ತೆ ಇಟ್ಟೆ.   ಆಗಿದ್ದನ್ನು ಹೇಳುತ್ತೇನೆ.

ಸಮಿತಿ ವರದಿ ಕೊಟ್ಟಿತು. ನನ್ನ ಮೇಲಿನ ಮಾತನ್ನು ತೆಗೆದುಹಾಕಿದ್ದಾರೆ. ನಿಮ್ಮ ಸೇವಾ ದಾಖಲೆಯಲ್ಲಿ ಒಂದು ಪುಟ ಸೇರಿಸಿದ್ದಾರೆ. ಕಾರಿಡಾರಿನಲ್ಲಿ ಗಾಜು ಹಾಕಿ ತೂಗುಹಾಕಿದ್ದ, ನೀವು ಕೈಯಲ್ಲಿ ಬರೆದ ಮೊದಲ ನಕ್ಷೆಯನ್ನು ಇಳಿಸಿದರು. ಗೋಡೆಯ ಮೇಲೆ ಅದರ ಆಕಾರದಲ್ಲಿ ಬಿಳಿ ಜಾಗ ಉಳಿದಿದೆ.  ಶಿಫ್ಟ್ ಮುಖ್ಯಸ್ಥರು ನನ್ನನ್ನು ಕಂಡರೆ ಬೇರೆ ಕಡೆ ನೋಡುತ್ತಾರೆ. ಕೆಲವರು ಭುಜ ತಟ್ಟಿದರು. ಅಪ್ಪನನ್ನು ಹಿಡಿದುಕೊಟ್ಟವಳು ಎಂದು ಕೆಲವರು ಅಂದರಂತೆ. ಎರಡೂ ಒಂದೇ ರೀತಿ ಕೇಳಿಸಿತು.

ನಿಮ್ಮ ಜಾಗಕ್ಕೆ ಬಂದಿರುವ ಎಂಜಿನಿಯರ್ ದಪ್ಪ ಕನ್ನಡಕದ ಹೆಂಗಸು, ಗಟ್ಟಿಯಾಗಿ ನಗುತ್ತಾರೆ. ಲೆಕ್ಕ ಸರಿಮಾಡುವ ದಿನ ಒಬ್ಬ ಕಂಟ್ರೋಲರ್ ಪಕ್ಕದಲ್ಲಿ ಕೂತು ನೋಡಬೇಕು ಎಂದು ಸಮಿತಿ ಈಗ ಹೊಸ ನಿಯಮ ಮಾಡಿದೆ. ಅವರು ನನ್ನನ್ನೇ ಕೇಳಿದರು. "ನೀವಾದ್ರೆ ಕಣ್ಣು ಮಿಟುಕಿಸಲ್ಲ" ಅಂದರು. ಹೋಗಿ ಕೂತೆ. ಅವರು ಅಂಕಿ ಓದಿದರು, ನಾನು ಹೌದು ಅಂದೆ. ಮುಗಿದಾಗ ಗಡಿಯಾರ ನೋಡಿದೆ. ನಲವತ್ತೊಂದು ನಿಮಿಷ. ನೀವು ಅಮ್ಮನ ಕೈ ಹಿಡಿದು ಕೂತದ್ದು ನಲವತ್ತೈದು. ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಅಳು ಬರುವ ಹಾಗಾಯಿತು, ಬರಲಿಲ್ಲ.

ಸೋಮವಾರದಿಂದ ಮತ್ತೆ ರೇಡಾರ್ ಮುಂದೆ ಇದ್ದೇನೆ. ಗಾಳಿ ಇನ್ನೊಂದು ಕಡೆಯಿಂದಲೇ ಇತ್ತು. ಮೊದಲ ವಿಮಾನವನ್ನು ಅಳತೆ ಗೆರೆ ಹಾಕಿ ನೆರಳಿನ ಹಿಂದೆ ಎರಡು ಮೈಲಿ ಇಟ್ಟೆ. ಇಪ್ಪತ್ತಾರು ವಿಮಾನ ಇಳಿಸಿದೆ. ಸಂತೋಷವೇನೂ ಆಗಲಿಲ್ಲ. ಇಳಿದವು, ಅಷ್ಟೇ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಆ ಎರಡು ಮಕ್ಕಳ ತಾಯಿ ನನ್ನ ತಟ್ಟೆಗೆ ತನ್ನ ತಟ್ಟೆಯಿಂದ ಏನೋ ಬಡಿಸಿದಳು. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಗೊತ್ತಾಯಿತು. ಮೂರು ತಿಂಗಳ ಮೇಲೆ ಊಟದ ರುಚಿ ತಿಳಿದದ್ದು ಅದೇ ಮೊದಲು.

ಅಮ್ಮ ಎರಡು ಸಲ ಕೇಳಿದಳು ಎಂದು ಬರೆದಿರಿ. ಬರೆಯದೆ ಇರಬಹುದಿತ್ತು. ಬರೆದದ್ದಕ್ಕೆ ನಿಮ್ಮ ಮೇಲೆ ಏನನ್ನಿಸುತ್ತದೆ ಎಂದು ಹುಡುಕಿದೆ. ಸದ್ಯಕ್ಕೆ ಇಷ್ಟು ಗೊತ್ತು: ಅದು ಸುಳ್ಳಲ್ಲ, ಅದಕ್ಕೇ ಆ ಕಾಗದ ಇಟ್ಟುಕೊಂಡಿದ್ದೇನೆ.

ನೀವು ಆಸ್ಪತ್ರೆಗೆ ಹೋದದ್ದು ತಪ್ಪು ಎಂದು ಸಮಿತಿಯೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಹೋಗುವಾಗ ಪಕ್ಕದ ಮೇಜಿನವರಿಗೆ "ಇದೊಂದು ಉಳಿದಿದೆ, ನೋಡ್ಕೊಳ್ಳಿ" ಎಂದು ಹೇಳಿದ್ದರೆ ಸಾಕಿತ್ತು. ನಿಮಗೆ ಅದು ಬರುವುದಿಲ್ಲ. ನನಗೂ ಅಷ್ಟಾಗಿ ಬರುವುದಿಲ್ಲ, ನಿಮ್ಮಿಂದಲೇ ಬಂದದ್ದಿರಬೇಕು.

ಒಂದು ವಿಷಯ ಮಾತ್ರ ನಿಮಗೆ ತಿಳಿದಿಲ್ಲ ಅನ್ನಿಸುತ್ತದೆ. ನೀವು ಮೂವತ್ತೆಂಟು ವರ್ಷ ಯಂತ್ರದ ಕೋಣೆಯಲ್ಲಿ ಇದ್ದವರು, ನಮ್ಮ ಕೋಣೆಯನ್ನು ಗಾಜಿನ ಆಚೆಯಿಂದ ನೋಡಿದವರು. ನಮ್ಮಲ್ಲಿ ಪ್ರತಿ ಕುರ್ಚಿಯ ಹಿಂದೆ ಇನ್ನೊಬ್ಬರು ಇರುತ್ತಾರೆ. ಕೆಮ್ಮು ಬಂದರೂ, ತಲೆ ಸುತ್ತಿದರೂ ಕೈ ಎತ್ತಿದರೆ ಅವರು ಬಂದು ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಹನ್ನೊಂದು ವಿಮಾನವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡಲು ಎರಡು ನಿಮಿಷ ಸಾಕು ಅಪ್ಪಾ. ನಾನು ದಿನಾ ಕೊಡುತ್ತೇನೆ.

ನಿಮಗಾಗಲಿ ದೊಡ್ಡತ್ತೆಗಾಗಲಿ ಏನಾದರೂ ಆದರೆ, ಪರದೆಯ ಮೇಲೆ ಎಷ್ಟೇ ವಿಮಾನ ಇರಲಿ, ಬಾಗಿಲು ತಟ್ಟಿ.

ನಿಮ್ಮ ಮಗಳು